ಡ್ಯಾಶ್‌ಬೋರ್ಡ್ ಹಸಿರು, ಕಿವಿ ಖಾಲಿ: ಓದು ಟ್ಯೂಟರ್‌ಗಳ ಆನ್‌ಲೈನ್ ತರಬೇತಿ

ಒಂದೇ ಒಂದು ಆಡಿಯೊ, ಒಂದು ನಿಮಿಷದ್ದು. ಬಾಗೇಪಲ್ಲಿ ಕಡೆಯ ಮೂರನೇ ತರಗತಿ ಹುಡುಗಿ ಓದುತ್ತಿದ್ದಾಳೆ. ಮಕ್ಕಳಿಗೆ ಓದಲು ಕಲಿಸುವ ನಮ್ಮ ಟ್ಯೂಟರ್‌ಗಳಿಗೆ ಜೂಮ್‌ನಲ್ಲಿ ಅದನ್ನು ಕೇಳಿಸಿ, ‘ಎಷ್ಟು ತಪ್ಪು? ಚಾಟ್‌ನಲ್ಲಿ ಹಾಕಿ’ ಅಂದದ್ದೇ ತಡ, 2, 9, 4, 13, 0, 7 ಅಂತ ಬಾಯಿಗೆ ಬಂದ ಅಂಕಿಗಳು ಸುರಿದವು. ಇವರೆಲ್ಲ ಮಾಡ್ಯೂಲ್ ಮುಗಿಸಿ, ಕ್ವಿಜ್ ಪಾಸಾಗಿ, ಸರ್ಟಿಫಿಕೇಟನ್ನು ಸ್ಟೇಟಸ್‌ಗೂ ಹಾಕಿಕೊಂಡವರು. ಕಂಪ್ಲೀಷನ್ ಕಾಲಂ ಪೂರ್ತಿ ಹಸಿರು. ಕಾಲ್‌ನಲ್ಲಿದ್ದ ಮೇಲಿನವರೊಬ್ಬರು ಮ್ಯೂಟ್ ತೆಗೆದು, ‘ಬೇಸ್‌ಲೈನ್ ಮಾಡಿದ್ದೂ ಇವರೇ ಅಲ್ವಾ?’ ಅಂದರು. ಯಾರೂ ಉತ್ತರ ಕೊಡಲಿಲ್ಲ. ಬೇಸ್‌ಲೈನ್ ಅಂದರೆ ಪಾಠ ಶುರುವಾಗುವ ಮುಂಚೆ ಮಕ್ಕಳ ಓದು ಅಳೆಯುವ ಪರೀಕ್ಷೆ; ಮೂರು ತಾಲ್ಲೂಕಿನ ಆ ಶೀಟ್ ಆಗಲೇ ಮೇಲಕ್ಕೆ ಹೋಗಿತ್ತು. ಅಷ್ಟರಲ್ಲಿ ಒಬ್ಬ ಬಿಆರ್‌ಪಿ (ಬ್ಲಾಕ್ ಮಟ್ಟದ ಸಂಪನ್ಮೂಲ ವ್ಯಕ್ತಿ), ‘ಇನ್ನೊಮ್ಮೆ ಹಾಕಿ, ಕೇಳಿಸಲಿಲ್ಲ’ ಅಂದರು. ಹಾಕಿದೆವು. ಅಂಕಿಗಳ ಅಂತರ ಕಮ್ಮಿಯಾಗುವ ಬದಲು ಇನ್ನಷ್ಟು ಹೆಚ್ಚಾಯಿತು.

ಕ್ಲಿಪ್ಪನ್ನು ಪದಪದವಾಗಿ ನಿಲ್ಲಿಸಿ ಕೇಳಿದಾಗ ಗೊಂದಲ ಎಲ್ಲಿದೆ ಅಂತ ಗೊತ್ತಾಯಿತು. ಹುಡುಗಿ ‘ಹಾಲು’ ಇದ್ದಲ್ಲಿ ‘ಆಲು’ ಅಂದಳು, ‘ಶಾಲೆ’ಗೆ ‘ಸಾಲೆ’ ಅಂದಳು. ಅರ್ಧ ಜನ ಇದನ್ನು ತಪ್ಪೆಂದು ಎಣಿಸಿದ್ದರು. ಅದು ಮನೆಮಾತು, ಓದಿನ ತಪ್ಪಲ್ಲ. ಅನುಮಾನವಿದ್ದರೆ ‘ಅ’, ‘ಹ’ ಕಾರ್ಡು ಎರಡನ್ನೂ ಮುಂದಿಟ್ಟು, ಹಾಲಿನ ಮೊದಲಕ್ಷರ ತೋರಿಸು ಅನ್ನಬೇಕು. ‘ಹ’ ಮುಟ್ಟಿದರೆ ಅಂಕ ಕೊಡಬೇಕು, ನಾಲಿಗೆ ತಿದ್ದಲು ಹೋಗಬಾರದು. ಮುಂದೆ ‘ಮೆಣಸಿನಕಾಯಿ’ ಬಂದಾಗ ಅವಳು ‘ಮಿರಪಕಾಯ’ ಅಂದಳು. ತೆಲುಗು ಬಲ್ಲ ಟ್ಯೂಟರ್‌ಗಳು ನಕ್ಕು ಸರಿ ಹಾಕಿದ್ದರು. ಇದು ತಪ್ಪೇ. ಮಗು ‘ಮೆ’ ನೋಡಿ, ಪಕ್ಕದ ಚಿತ್ರ ನೋಡಿ, ಮನೆಯ ಮಾತನ್ನು ಹೇಳಿಬಿಟ್ಟಿದೆ. ಅರ್ಥ ಗೊತ್ತಿದೆ ಅಂತ ಬದಿಯಲ್ಲಿ ಬರೆದುಕೊಳ್ಳಿ, ಪಾಠ ಮಾಡುವಾಗ ಉಪಯೋಗಕ್ಕೆ ಬರುತ್ತದೆ. ಆದರೆ ಎಣಿಕೆಯಲ್ಲಿ ಅದು ತಪ್ಪು. ‘ಮರ’ವನ್ನು ‘ವರ’ ಅಂದು ತಾನೇ ತಿದ್ದಿಕೊಂಡದ್ದು ತಪ್ಪಲ್ಲ. ಒಂದು ಸಾಲು ಬಿಟ್ಟು ಕೆಳಗಿಳಿದದ್ದಕ್ಕೆ ಆ ಸಾಲಿನ ಪದಗಳನ್ನೆಲ್ಲ ತಪ್ಪೆನ್ನುವುದೋ, ಬೆರಳಿಟ್ಟು ವಾಪಸ್ ತರುವುದೋ? ಇದಕ್ಕೆ ನಮ್ಮ ಕೈಪಿಡಿಯಲ್ಲಿ ಒಂದು ವಾಕ್ಯವೂ ಇರಲಿಲ್ಲ. ಈಗ ಇದೆ: ವಾಪಸ್ ತನ್ನಿ, ಟೈಮರ್ ನಿಲ್ಲಿಸಬೇಡಿ.

‘ಸೂರ್ಯ’ವನ್ನು ‘ಸೂಯರ’ ಅಂದದ್ದನ್ನು ಮಾತ್ರ ಎಲ್ಲರೂ ತಪ್ಪೆಂದರು. ಮುಂದೇನು ಮಾಡ್ತೀರಿ ಅಂದರೆ, ‘ಸರಿಯಾದ್ದು ಹೇಳಿಕೊಡ್ತೀವಿ’ ಅಂತ ಒಂದೇ ಉತ್ತರ. ಹೇಳಿಕೊಟ್ಟರೆ ಮಗು ಆ ಪದವನ್ನು ಬಾಯಿಪಾಠ ಮಾಡುತ್ತದೆ, ‘ವರ್ಷ’ ಬಂದಾಗ ಮತ್ತೆ ಅದೇ ಕಥೆ. ಅರ್ಕಾವತ್ತು ಬರೆಯುವುದು ಕೊನೆಗೆ, ನುಡಿಯುವುದು ಮೊದಲಿಗೆ. ‘ಚಕ್ರ’ದ ರ ಒತ್ತು ಹಾಗಲ್ಲ, ಬರೆಯುವುದೂ ನುಡಿಯುವುದೂ ಕೊನೆಗೇ. ಎರಡನ್ನೂ ಸ್ಲೇಟಿನ ಮೇಲೆ ಅಕ್ಕಪಕ್ಕ ಬಿಡಿಸಿ ಬರೆಯಬೇಕು: ಸೂ-ರ್-ಯ, ಚ-ಕ್-ರ. ಆಮೇಲೆ ಮಾರ್ಗ, ಅರ್ಧ, ವರ್ಷ. ಆಮೇಲೆ ಅದೇ ವಾಕ್ಯವನ್ನು ಮೊದಲಿಂದ ಓದಿಸಬೇಕು. ಈ ಕೊನೆಯ ಹೆಜ್ಜೆಯನ್ನೇ ಎಲ್ಲರೂ ನುಂಗಿಹಾಕುವುದು. ಒತ್ತಕ್ಷರದಲ್ಲಿ ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲ ಅಕ್ಷರದ ಹಾಗೆ ಕಾಣುವುದಿಲ್ಲ. ಮಕ್ಕಳು ಮುಗ್ಗರಿಸುವುದು ಹೆಚ್ಚಾಗಿ ಅಲ್ಲೇ. ನಮ್ಮ ಹಳೇ ಮಾಡ್ಯೂಲಿನಲ್ಲಿ ಇದಕ್ಕೆ ಒಂದು ಸ್ಲೈಡ್, ‘ಓದಿನ ಮಹತ್ವ’ಕ್ಕೆ ಹನ್ನೊಂದು.

ಅದಾದ ಮೇಲೆ ತರಬೇತಿಯನ್ನು ತಿರುವುಮುರುವು ಮಾಡಿದೆವು. ವಿಡಿಯೊ ಉಪನ್ಯಾಸ ಕಿತ್ತು ಆಡಿಯೊ ಹಾಕಿದ್ದು ಮೊದಲ ಕೆಲಸ. 64 ಕೆಬಿಪಿಎಸ್‌ನಲ್ಲಿ ಒಂದು ನಿಮಿಷಕ್ಕೆ ಅರ್ಧ ಎಂಬಿಯೂ ಆಗುವುದಿಲ್ಲ; ಪಾವಗಡದ ಗಡಿ ಹಳ್ಳಿಯಲ್ಲೂ ಇಳಿಯುತ್ತದೆ, ಗಂಡನ ಫೋನಿನಲ್ಲೂ ಜಾಗ ಸಿಗುತ್ತದೆ. ಒಂದು ಮಾಡ್ಯೂಲ್ ಅಂದರೆ ಎಂಟು ನಿಮಿಷ, ಒಂದೇ ಕೌಶಲ: ಎಣಿಸುವುದು, ಅಥವಾ ಕಾಯುವುದು, ಅಥವಾ ಒತ್ತು ಬಿಡಿಸುವುದು. ಮೂರನ್ನೂ ಒಂದೇ ದಿನ ತುರುಕಿದರೆ ಒಂದೂ ಉಳಿಯುವುದಿಲ್ಲ. ಮೊದಲು ಕ್ಲಿಪ್ ಕೇಳಿಸಿ, ಟ್ಯೂಟರ್ ತಾನೇ ಗುರುತು ಹಾಕಿದ ಮೇಲಷ್ಟೇ ಉತ್ತರ ತೆರೆಯಬೇಕು. ಉತ್ತರ ಮೊದಲೇ ಕಂಡರೆ ಎಲ್ಲರಿಗೂ ‘ನನಗೂ ಹಾಗೇ ಅನ್ನಿಸಿತ್ತು’.

ಪಾಸು ಮಾಡುವ ಲೆಕ್ಕವೂ ಬದಲಾಯಿತು. ಐದು ಕ್ಲಿಪ್‌ಗಳಲ್ಲಿ ನಾಲ್ಕರಲ್ಲಾದರೂ ಟ್ಯೂಟರ್ ಎಣಿಕೆ ನಮ್ಮ ಎಣಿಕೆಗಿಂತ ಎರಡಕ್ಕಿಂತ ಹೆಚ್ಚು ಆಚೀಚೆ ಹೋಗಬಾರದು. ಹೋದರೆ ಬೇರೆ ಐದು ಕ್ಲಿಪ್ ಕೊಡುತ್ತೇವೆ. ಪಠ್ಯ ಆರಿಸುವಾಗ ಪದಗಳ ಜೊತೆ ಅಕ್ಷರಗಳನ್ನೂ ಎಣಿಸಿಕೊಳ್ಳಿ. ಕೇಂದ್ರ ಸರ್ಕಾರದ ಓದು-ಲೆಕ್ಕ ಕಲಿಕೆಯ ಯೋಜನೆಯಾದ ನಿಪುಣ್ ಭಾರತ್‌ನ ಗುರಿ ಎರಡನೇ ತರಗತಿಗೆ ನಿಮಿಷಕ್ಕೆ 45ರಿಂದ 60 ಪದ, ಮೂರನೆಯದಕ್ಕೆ ಕನಿಷ್ಠ 60. ‘ನಾಯಿ’ಯೂ ಒಂದು ಪದ, ‘ಹೋಗಬೇಕಾಗಿತ್ತಂತೆ’ಯೂ ಒಂದು ಪದ. ಒಂದು ಕಥೆಯಲ್ಲಿ ಗಿಡ್ಡ ಪದಗಳು, ಇನ್ನೊಂದರಲ್ಲಿ ಉದ್ದನೆಯವು ಇದ್ದರೆ ಬೇಸ್‌ಲೈನ್‌ಗೂ ಕೊನೆಯಲ್ಲಿ ಮಾಡುವ ಎಂಡ್‌ಲೈನ್‌ಗೂ ತಾಳೆಯಾಗುವುದೇ ಇಲ್ಲ. ಆಮೇಲೆ ಎಕ್ಸೆಲ್ ಬೈದು ಪ್ರಯೋಜನವಿಲ್ಲ.

ಅತ್ಯಂತ ಕಷ್ಟದ್ದು ಕಾಯುವುದು. ಮಗು ತಡವರಿಸಿದರೆ ಮನಸ್ಸಿನಲ್ಲೇ ಐದು ಎಣಿಸಿ ಅಂತ ಬರೆದುಕೊಟ್ಟರೆ ಸಾಲದು. ಟ್ಯೂಟರ್‌ಗಳು ಎರಡಕ್ಕೇ ಪದ ಹೇಳಿಬಿಡುತ್ತಾರೆ, ತಾವು ಹೇಳಿದ್ದು ಅವರಿಗೆ ಗೊತ್ತೂ ಆಗುವುದಿಲ್ಲ. ಅದಕ್ಕೇ ವಾರಕ್ಕೊಮ್ಮೆ ತಮ್ಮದೇ ಪಾಠದ ಮೂರು ನಿಮಿಷದ ರೆಕಾರ್ಡಿಂಗ್ ಕಳಿಸಬೇಕು. ಕಳಿಸುವ ಮುಂಚೆ ತಾವೇ ಕೇಳಿ, ಎಷ್ಟು ಸಲ ಬಾಯಿ ಹಾಕಿದೆ ಅಂತ ಒಂದು ಅಂಕಿ ಬರೆಯಬೇಕು. ಪರಿಶೀಲಕರು ಎರಡು ದಿನದೊಳಗೆ ಒಂದೇ ಒಂದು ಸಲಹೆ ವಾಯ್ಸ್ ನೋಟ್‌ನಲ್ಲಿ ಕಳಿಸಬೇಕು. ಐದು ಸಲಹೆ ಕೊಟ್ಟರೆ ಮುಂದಿನ ವಾರ ರೆಕಾರ್ಡಿಂಗೇ ಬರುವುದಿಲ್ಲ. ಒಬ್ಬ ಪರಿಶೀಲಕರಿಗೆ ಹದಿನೈದು ಟ್ಯೂಟರ್ ಮಿತಿ. ಬಜೆಟ್‌ನಲ್ಲಿ ನಲವತ್ತು ಅಂತ ಬರೆದವರು ಯಾರೋ, ಅವರು ಒಂದು ಸಂಜೆ ಕೂತು ನಲವತ್ತು ಕೇಳಲಿ.

ಲೈವ್ ಕಾಲ್ ಹೊತ್ತಿನ ಬಗ್ಗೆ ಹೆಡ್ ಆಫೀಸಿಗೆ ಹೇಳಿ ಹೇಳಿ ಸಾಕಾಗಿದೆ. ಸಂಜೆ ಆರಕ್ಕೆ ಇಟ್ಟರೆ ಟ್ಯೂಟರ್‌ಗಳು ಡೈರಿ ಮುಂದೆ ಕ್ಯಾನ್ ಹಿಡಿದು ನಿಂತಿರುತ್ತಾರೆ. ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದಿದ್ದರೆ ಆ ವಾರ ಸೊಪ್ಪು ಹಾಕುವುದೇ ಕೆಲಸ, ಯಾವ ಹೊತ್ತಿಗೆ ಕರೆದರೂ ಬರುವವರಿಲ್ಲ. ಮಧ್ಯಾಹ್ನ ಎರಡೂವರೆ ನಡೆಯುತ್ತದೆ. ನಲವತ್ತು ನಿಮಿಷ, ಅದರಲ್ಲಿ ಮಾತು ಹತ್ತು, ಉಳಿದದ್ದು ಇಬ್ಬಿಬ್ಬರ ಬ್ರೇಕ್‌ಔಟ್. ಒಬ್ಬರು ಮಗುವಾಗಿ ‘ಸೂಯರ’ ಓದುತ್ತಾರೆ, ಇನ್ನೊಬ್ಬರು ಕಾಯುತ್ತಾರೆ. ಮಗುವಿನ ಪಾತ್ರದವರಿಗೆ ಯಾವ ಪದದಲ್ಲಿ ಹೇಗೆ ಎಡವಬೇಕೆಂದು ಮೊದಲೇ ಬರೆದುಕೊಡಿ, ಇಲ್ಲದಿದ್ದರೆ ಎಲ್ಲರೂ ಸೊಗಸಾಗಿ ಓದಿ ಮುಗಿಸುತ್ತಾರೆ.

ಎರಡು ತಿಂಗಳಿಗೊಮ್ಮೆ ಎಣಿಕೆ ಪರೀಕ್ಷೆ ಮತ್ತೆ ಆಗಬೇಕು. ಮಕ್ಕಳ ಮೇಲೆ ಪ್ರೀತಿ ಬೆಳೆದಂತೆ ಟ್ಯೂಟರ್‌ಗಳ ಕೈ ಸಡಿಲವಾಗುತ್ತದೆ, ತಪ್ಪುಗಳು ಕೇಳಿಸುವುದೇ ನಿಂತುಹೋಗುತ್ತದೆ. ಕ್ಲಿಪ್ ಮಾಡುವ ಮುಂಚೆ ಪೋಷಕರ ಸಹಿ ತೆಗೆದುಕೊಳ್ಳಿ, ಒಪ್ಪಿಗೆ ಪತ್ರ ತೆಲುಗು ಮತ್ತು ಉರ್ದುವಿನಲ್ಲೂ ಇರಲಿ. ಫೈಲ್ ಹೆಸರಿನಲ್ಲಿ ಮಗುವಿನ ಹೆಸರು ಬೇಡ; ಕ್ಲಸ್ಟರ್ ಕೋಡ್, ತರಗತಿ, ದಿನಾಂಕ ಸಾಕು. ಟ್ಯೂಟರ್ ಗ್ರೂಪಿಗೆ ಫಾರ್ವರ್ಡ್ ಮಾಡುವುದೂ ಬೇಡ, ಪರಿಶೀಲಕರ ನಂಬರಿಗೆ ಮಾತ್ರ.