ಷಿಕಾಗೋ ಬೇಲಿಗೆ ಅವರೆ ಬಳ್ಳಿ

ಷಿಕಾಗೋ ಪಕ್ಕದ ಊರಲ್ಲಿರುವ ನಮ್ಮ ಹಿತ್ತಲು ಅಂದ್ರೆ ಎರಡು ಕಾರು ನಿಲ್ಲುವಷ್ಟು ಜಾಗ. ಮೇ ಅರ್ಧ ಕಳೆಯುವವರೆಗೂ ರಾತ್ರಿ ಫ್ರಾಸ್ಟ್, ಅಂದ್ರೆ ಗಿಡ ಸಾಯಿಸುವ ಹಿಮ, ಬೀಳುವ ಭಯ. ಆಮೇಲೆ ಅಕ್ಕಪಕ್ಕದವರು ಟೊಮೆಟೊ ಸಸಿ ನೆಟ್ಟರು. ನನ್ನ 6 ವರ್ಷದ ಮಗಳಿಗೆ ಅವರೆಕಾಯಿ ಬೇಕಿತ್ತು. ನಿಜ ಹೇಳಬೇಕಂದ್ರೆ ಬೇಕಿದ್ದದ್ದು ನನಗೆ, ಹೆಸರು ಮಾತ್ರ ಅವಳದು.

ಮೊದಲ ಸಲ ಅಡುಗೆಮನೆ ಡಬ್ಬಿಯ ಅವರೆಬೇಳೆ ಊರಿದೆವು. ಬೇಳೆ ಮೊಳಕೆ ಒಡೆಯುತ್ತಾ? 15 ವರ್ಷದಿಂದ ಸಾಫ್ಟ್‌ವೇರ್ ಬರೆಯುವವನಿಗೆ ಅದು ಹೊಳೆಯಲಿಲ್ಲ. ಫೋನಿನಲ್ಲಿ ಅಮ್ಮ ನಕ್ಕರು: "ಸಿಪ್ಪೆ ಇರೋ ಕಾಳು ಹಾಕೋ, ಪೆದ್ದ!"

ಇಂಡಿಯನ್ ಸ್ಟೋರಿನಿಂದ ಒಣ ಅವರೆಕಾಳು ತಂದು, ನೆನೆಸಿ ಊರಿದೆವು. ಮಗಳು ದಿನಾ ಬೆಳಿಗ್ಗೆ ಒಂದೊಂದನ್ನು ಕೆದಕಿ ನೋಡಿ ಮತ್ತೆ ಮುಚ್ಚುತ್ತಿದ್ದಳು. ಹಾಗೆ ಹೋದವು ನಾಲ್ಕು. ಮೊಳೆತದ್ದರಲ್ಲಿ ಮೂರನ್ನು ಮೊಲ ತಿಂದಿತು. ಉಳಿದದ್ದು ಎರಡೇ ಬಳ್ಳಿ.

ಅಬ್ಬಾ, ಆ ಎರಡು! ಜುಲೈನಲ್ಲಿ ಬೇಲಿ ಹತ್ತಿದವು, ಆಗಸ್ಟಿನಲ್ಲಿ ಪಕ್ಕದ ಮನೆಗೆ ಇಣುಕಿದವು. ಬರೀ ಎಲೆ. ಗೊಬ್ಬರ ಹಾಕಿದೆ, ಇನ್ನೂ ಜಾಸ್ತಿ ಎಲೆ ಬಂತು. "ಅಪ್ಪ, ಇದು ಅವರೇನೋ ಸೊಪ್ಪೋ?" ಅಂದಳು ಮಗಳು.

ಆಮೇಲೆ ಓದಿ ತಿಳಿಯಿತು. ಹಳೇ ಅವರೆ ತಳಿಗಳು ಹಗಲು ಕುಗ್ಗಿದ ಮೇಲೇ ಹೂ ಬಿಡುವುದು. ಬೆಂಗಳೂರಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆ ದಾಟಲ್ಲ. ಇಲ್ಲಿ ಜೂನಿನಲ್ಲಿ 15 ಗಂಟೆಗೂ ಜಾಸ್ತಿ, ಸೂರ್ಯ ಮುಳುಗುವಾಗ ಎಂಟೂವರೆ. ಬಳ್ಳಿ ಪಾಪ, ಮಾಗಿಗೆ ಕಾಯುತ್ತಿತ್ತು. (ಯಾವ ಕಾಲಕ್ಕಾದರೂ ಬಿಡುವ ಹೆಬ್ಬಾಳ ಅವರೆ ಆಗಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲವೇನೋ.) ಊರಲ್ಲಿ ಸಂಕ್ರಾಂತಿ ಹೊತ್ತಿಗೇ ಅವರೆ ಯಾಕೆ ಅಂತ ನನಗೆ ಗೊತ್ತಾಗಿದ್ದು ನಲವತ್ತನೇ ವಯಸ್ಸಿನಲ್ಲಿ, ಅದೂ ಇಲ್ಲಿ ಬಂದು!

ಸೆಪ್ಟೆಂಬರ್ ಕೊನೆಗೆ ಬಿಳಿ ಹೂ ಬಂತು. ಮಗಳು ಕುಣಿದಳು. "ಇಬ್ಬನಿ ಬೀಳಲಿ, ಆಗ ನೋಡು ಸೊಗಡು" ಅಂದರು ಅಮ್ಮ. ಅಕ್ಟೋಬರಿನಲ್ಲಿ ಬಿದ್ದದ್ದು ಇಬ್ಬನಿಯಲ್ಲ, ಫ್ರಾಸ್ಟು. ಎರಡು ರಾತ್ರಿ ಹಳೇ ಬೆಡ್‌ಶೀಟು ಹೊದಿಸಿದೆವು. ಮೂರನೇ ಬೆಳಿಗ್ಗೆ ಎಲೆಗಳೆಲ್ಲ ಬೆಂದ ಪಾಲಕ್ ಥರ ಜೋತುಬಿದ್ದಿದ್ದವು.

ಸಿಕ್ಕಿದ್ದು ಒಂಬತ್ತು ಕಾಯಿ. ಸುಲಿದರೆ 23 ಕಾಳು, ಎಣಿಸಿದ್ದು ಮಗಳು. ಬೆರಳು ಮೂಸಿ ಮುಖ ಸಿಂಡರಿಸಿದಳು. ನಾನೂ ಮೂಸಿದೆ. ಸೊಗಡು ಇತ್ತು, ಸ್ವಲ್ಪ. ಅಷ್ಟನ್ನೂ ಉಪ್ಪಿಟ್ಟಿಗೆ ಹಾಕಿದೆ. ಅವಳು ನನ್ನ ತಟ್ಟೆಯ ಕಾಳುಗಳನ್ನೂ ಒಂದೊಂದಾಗಿ ಹೆಕ್ಕಿಕೊಂಡು, "ಉಪ್ಪಿಟ್ಟು ನಿನಗೆ" ಅಂದಳು.