ಚಿಟ್ಟೆ ನೋಡಬೇಕಾ, ಗೇರು ಬೇಣಕ್ಕೆ ಬನ್ನಿ

ಅಕ್ಕನ ಮನೆ ಶಿರಸಿಯಿಂದ ಕುಮಟೆಗೆ ಇಳಿಯುವ ದೇವಿಮನೆ ಘಟ್ಟದ ಬುಡದಲ್ಲಿದೆ. ಮುಂದೆ ಅಡಿಕೆ ತೋಟ, ಹಿಂದೆ ಗೇರು ಬೇಣ, ಅಂದರೆ ಗೇರು ಮರಗಳ ಗುಡ್ಡ, ಪಕ್ಕದಲ್ಲೊಂದು ಹಳ್ಳ. ಶಿವರಾತ್ರಿ ಕಳೆದು ಯುಗಾದಿ ಹತ್ತಿರ ಬರುವ ಹೊತ್ತಿಗೆ ಅಲ್ಲಿಗೆ ಹೋದರೆ ನನಗೆ ಮನೆಯೊಳಗೆ ಕೂರಲು ಆಗುವುದಿಲ್ಲ. ಈ ವರ್ಷ ಅಕ್ಕನ ಮಗಳೂ ಹಾಸ್ಟೆಲಿಂದ ಬಂದಿದ್ದಳು. ಊರಿನ ಕೀಟಗಳ ಫೋಟೋ ತೆಗೆದು ತನ್ನಿ ಅಂತ ಕಾಲೇಜಿನಲ್ಲಿ ಹೇಳಿದ್ದರಂತೆ.

"ಚಿಕ್ಕಿ, ದಾಸವಾಳದ ಹತ್ರ ಕೂತ್ಕಂಡ್ರೆ ಚಿಟ್ಟೆ ಬತ್ತಲ್ದಾ?" ಅಂದಳು.

ಕವಳ ಹಾಕುತ್ತಿದ್ದ ಭಾವ ನಕ್ಕರು. "ಹೂವಿನ ಹತ್ರ ಎಂತಕ್ಕೆ? ಬೇಣಕ್ಕೆ ಹೋಗಿ. ಹಣ್ಣು ರಾಶಿ ಹಾಕಿದ್ದಿ."

ಭಾವನ ಮಾತು ನೂರಕ್ಕೆ ನೂರು ಸರಿ. ಹೂವಿಗೆ ಬರುವ ಚಿಟ್ಟೆಗೆ ಪುರಸೊತ್ತಿಲ್ಲ. ಕೂರುತ್ತದೆ, ಏಳುತ್ತದೆ, ಫೋನ್ ತೆಗೆಯುವಷ್ಟರಲ್ಲಿ ಬೇಲಿ ದಾಟಿರುತ್ತದೆ. ನಿಂತು ನೋಡಬೇಕೆಂದರೆ ಕೊಳೆತದ್ದು, ಒದ್ದೆಯಾದದ್ದು ಹುಡುಕಿಕೊಂಡು ಹೋಗಬೇಕು.

ಬೆಳಗ್ಗೆ ಬೇಣಕ್ಕೆ ಹೊರಟವರು ಬಚ್ಚಲ ಹಿಂದಿನ ಲಿಂಬೆ ಗಿಡದ ಹತ್ತಿರವೇ ನಿಂತೆವು. ಎಲೆಯ ಮೇಲೆ ಹಕ್ಕಿ ಹಿಕ್ಕೆ ಬಿದ್ದ ಹಾಗಿತ್ತು. ಹುಡುಗಿ ಕಡ್ಡಿಯಿಂದ ಮುಟ್ಟಿದಳು. ಹಿಕ್ಕೆ ತಲೆ ಎತ್ತಿತು! ಕತ್ತಿನ ಹತ್ತಿರದಿಂದ ಕವಲೊಡೆದ ಕೊಂಬಿನಂಥದ್ದು ಹೊರಗೆ ಬಂತು, ಜತೆಗೆ ಮೂಗಿಗೆ ಹೊಡೆಯುವ ವಾಸನೆ. ಕಾಮನ್ ಮಾರ್ಮನ್ ಚಿಟ್ಟೆಯ ಮರಿಹುಳ ಅದು. ಇನ್ನೂ ಬೆಳೆದರೆ ಹಸಿರಾಗಿ ಎಲೆಯಲ್ಲೇ ಅಡಗುತ್ತದೆ. ಕರಿಬೇವನ್ನೂ ಬಿಡುವುದಿಲ್ಲ. ಅದಕ್ಕೇ ಅಕ್ಕನಿಗೆ ಇದರ ಮೇಲೆ ಸಿಟ್ಟು ಜಾಸ್ತಿ. "ಒಗ್ಗರಣೆಗೆ ಎಲೆ ಉಳಿಯದಿಲ್ಲೆ" ಅಂತ ಗೊಣಗುತ್ತಾಳೆ. ಇದೇ ಚಿಟ್ಟೆಯ ಹೆಣ್ಣುಗಳಲ್ಲಿ ಕೆಲವು ಕ್ರಿಮ್ಸನ್ ರೋಸ್ ಅನ್ನುವ ವಿಷದ ಚಿಟ್ಟೆಯ ವೇಷ ಹಾಕುತ್ತವೆ. ಹಕ್ಕಿಗಳು ಹೆದರಿ ದೂರ ಉಳಿಯುತ್ತವೆ. ನಾವು ಮೈ ನೋಡಿದರೆ ಸಾಕು, ಅಸಲಿ ರೋಸ್‌ನ ಮೈ ಕೆಂಪು, ವೇಷಧಾರಿಯದು ಕಪ್ಪು.

ಬಿಸಿಲೇರಿದ ಮೇಲೆ ಹಳ್ಳಕ್ಕೆ ಇಳಿದೆವು. ಮಳೆಗಾಲದಲ್ಲಿ ಮೊರೆದು ಅಘನಾಶಿನಿಗೆ ಓಡುವ ಹಳ್ಳ ಈಗ ಕಲ್ಲುಗಳ ನಡುವೆ ಅಲ್ಲಲ್ಲಿ ನಿಂತ ನೀರು ಅಷ್ಟೇ. ದನ ನೀರು ಕುಡಿಯಲು ಇಳಿಯುವ ಕಡೆ ಮರಳು ಒದ್ದೆಯಾಗಿತ್ತು, ಗಂಜಲದ ವಾಸನೆ ಬೇರೆ. ಅಲ್ಲೇ ಚಿಟ್ಟೆಗಳ ಜಾತ್ರೆ. ಬಿಳಿ-ಹಳದಿಯ ಎಮಿಗ್ರಂಟ್‌ಗಳು ರೆಕ್ಕೆ ಮಡಚಿ ಒತ್ತೊತ್ತಾಗಿ ಕೂತಿದ್ದವು. ಅವುಗಳ ನಡುವೆ ಬ್ಲೂಬಾಟಲ್. ಕಪ್ಪು ರೆಕ್ಕೆ, ನಡುವೆ ಗಾಜಿನ ಹಾಗೆ ಹೊಳೆಯುವ ನೀಲಿ-ಹಸಿರು ಪಟ್ಟೆ. ಕೂತರೂ ರೆಕ್ಕೆ ನಡುಗಿಸುವುದು ನಿಲ್ಲಿಸುವುದಿಲ್ಲ.

ನಾವಿಬ್ಬರೂ ಮೊಣಕಾಲೂರಿ ಹತ್ತಿರ ಹೋದೆವು. ಒಂದು ಬ್ಲೂಬಾಟಲ್ ಸೊಂಡಿಲನ್ನು ಮರಳಿಗೆ ಇಳಿಸಿ ಹೀರುತ್ತಿತ್ತು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಒಂದು ಹನಿ ಚಿಮ್ಮಿತು. ಮತ್ತೆ ಹೀರಿತು, ಮತ್ತೆ ಹನಿ.

"ಉಚ್ಚೆ ಹೊಯ್ತಾ ಇದ್ದು!" ಅಂತ ಹುಡುಗಿ ಬಾಯಿ ಮುಚ್ಚಿಕೊಂಡು ನಕ್ಕಳು.

ಹೆಚ್ಚುಕಡಿಮೆ ಅದೇ. ಅದಕ್ಕೆ ಬೇಕಾಗಿದ್ದು ನೀರಲ್ಲ, ನೀರಲ್ಲಿ ಕರಗಿರುವ ಉಪ್ಪಿನಂಶ. ಉಪ್ಪು ಇಟ್ಟುಕೊಂಡು ನೀರನ್ನು ಹೊರಗೆ ಹಾಕುತ್ತದೆ. ಹೂವಿನ ಮಕರಂದದಲ್ಲಿ ಸೋಡಿಯಂ ತೀರಾ ಕಡಿಮೆ. ಹೀಗೆ ಮರಳಿಗೆ ಬರುವವು ಹೆಚ್ಚಾಗಿ ಗಂಡುಗಳೇ. ಕೂಡಿಸಿಟ್ಟ ಉಪ್ಪನ್ನು ಕೂಡುವಾಗ ಹೆಣ್ಣಿಗೆ ದಾಟಿಸುತ್ತವೆ, ಅದು ಮೊಟ್ಟೆಗೆ ಹೋಗುತ್ತದೆ. ದನದ ಗಂಜಲಕ್ಕೂ ಇಷ್ಟು ಬೆಲೆ ಇದೆ ನೋಡಿ.

ವಾಪಸ್ ಬರುವಾಗ ಅಡಿಕೆ ಮರಗಳ ತುದಿಯಲ್ಲಿ ಒಂದು ಸದರ್ನ್ ಬರ್ಡ್‌ವಿಂಗ್ ತೇಲಿ ಹೋಯಿತು. ನಮ್ಮ ರಾಜ್ಯದ ಚಿಟ್ಟೆ. ಹಳದಿ ಹಿಂರೆಕ್ಕೆ ಕಂಡಿತು, ಅಷ್ಟೇ. ಕೆಳಗೆ ಇಳಿಯಲೇ ಇಲ್ಲ. ಬೇಲಿಯಲ್ಲಿರುವ ಈಶ್ವರ ಬಳ್ಳಿಯನ್ನು ಕಡಿಯಬೇಡಿ ಅಂತ ಭಾವನಿಗೆ ಹೇಳಿದ್ದೇನೆ. ಇದರ ಮರಿಹುಳಕ್ಕೆ ಆ ಜಾತಿಯ ಬಳ್ಳಿಯೇ ಆಗಬೇಕು.

ಊಟ ಮುಗಿಸಿ ಬೇಣ ಹತ್ತಿದೆವು. ಜೀರುಂಡೆಗಳ ಗದ್ದಲಕ್ಕೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಅಷ್ಟೂ ಗದ್ದಲ ಗಂಡುಗಳದ್ದೇ. ಬೀಜ ತಿರುಪಿ ಎಸೆದ ಗೇರುಹಣ್ಣು ಒಂದು ಮರದ ಬುಡದಲ್ಲಿ ರಾಶಿ ಬಿದ್ದಿತ್ತು. ಕೆಂಪು, ಹಳದಿ, ಅಡಿಯಲ್ಲೆಲ್ಲ ಕಪ್ಪು. ಹುಳಿ ಬಂದ ಹಣ್ಣಿನ ಘಾಟು ದೂರಕ್ಕೇ ಬಡಿಯಿತು.

ರಾಶಿಯ ಅಂಚಿನಲ್ಲಿ ಹಸಿರು ಮಿಂಚುವ ದುಂಬಿಗಳು ಹಣ್ಣಿನೊಳಗೆ ತಲೆ ಹಾಕಿ ಮಲಗಿದ್ದವು. ಬೂದು ಬಣ್ಣದ ಬ್ಯಾರನ್ ಚಿಟ್ಟೆಗಳು ಅಮಲೇರಿದವರ ಹಾಗೆ ಕದಲದೆ ಕೂತಿದ್ದವು. ಹುಡುಗಿ ಒಂದು ಒಣ ಎಲೆಯನ್ನು ಸರಿಸಲು ಕೈ ಚಾಚಿದಳು. ಎಲೆ ತೆರೆದುಕೊಂಡಿತು. ಒಳಗೆಲ್ಲ ಕಡು ನೀಲಿ! ಬ್ಲೂ ಓಕ್‌ಲೀಫ್ ಅದು. ಮತ್ತೆ ರೆಕ್ಕೆ ಮಡಚಿತು, ಮತ್ತೆ ಒಣ ಎಲೆ. ನಡುನರ ಇದೆ, ಅಲ್ಲಲ್ಲಿ ಬೂಸ್ಟು ಹಿಡಿದಂಥ ಚುಕ್ಕೆಗಳೂ ಇವೆ. ಹೂವಿನ ಗಿಡದ ಹತ್ತಿರ ಇದನ್ನು ನಾನು ಕಂಡೇ ಇಲ್ಲ. ಗೇರು ಪೋರ್ಚುಗೀಸರ ಕಾಲದಲ್ಲಿ ಬ್ರೆಜಿಲ್‌ನಿಂದ ಬಂದ ಮರ. ಈ ಚಿಟ್ಟೆ ಸಹ್ಯಾದ್ರಿಯದ್ದೇ. ಹೊರಗಿನ ಹಣ್ಣು ಅಂತ ಅದೇನೂ ಮಡಿ ಮಾಡುವುದಿಲ್ಲ.

ಅಷ್ಟರಲ್ಲಿ ನನ್ನ ಕುತ್ತಿಗೆಗೆ ಚಗಳಿ, ಅದೇ ಮರದ ಕೆಂಪಿರುವೆ, ಕಚ್ಚಿತು. ಮೇಲೆ ನೋಡಿದರೆ ಎಲೆ ಸೇರಿಸಿ ಹೊಲಿದ ಗೂಡು. ಹೊಲಿಗೆಗೆ ನೂಲು ಅವುಗಳ ಮರಿಗಳ ಬಾಯಿಂದ ಬರುತ್ತದೆ, ದೊಡ್ಡವು ಮರಿಯನ್ನು ಕಚ್ಚಿ ಹಿಡಿದು ಎಲೆಯಿಂದ ಎಲೆಗೆ ಓಡಾಡಿಸುತ್ತವೆ. ಬೀಜ ಕೊಯ್ಯುವವರು ಶಾಪ ಹಾಕಿದರೂ ಭಾವ ಈ ಗೂಡುಗಳನ್ನು ತೆಗೆಸುವುದಿಲ್ಲ. ಗೇರಿನ ಚಿಗುರು, ಹೂವಿನ ರಸ ಹೀರಿ ಒಣಗಿಸುವ ಟೀ ಸೊಳ್ಳೆಯನ್ನು ಚಗಳಿ ಹಿಡಿದು ತಿನ್ನುತ್ತದೆ. ಹೆಸರಿಗೆ ಸೊಳ್ಳೆ, ನಿಜಕ್ಕೂ ಅದು ತಿಗಣೆ ಜಾತಿಯದು.

ರಾತ್ರಿ ಊಟವಾದ ಮೇಲೆ ಟಾರ್ಚ್ ಹಿಡಿದು ಮತ್ತೆ ಹೋದೆವು. ಹಾವಿನ ಭಯಕ್ಕೆ ಗಂಬೂಟು ಹಾಕಿಕೊಂಡು ಭಾವನೂ ಬಂದರು. ಬೆಳಕು ಬಿಟ್ಟಾಗ ರಾಶಿಯ ಮೇಲೆ ಕೆಂಡದ ಚೂರಿನಂಥ ಕಣ್ಣುಗಳು. ಹಣ್ಣು ಚುಚ್ಚುವ ಪತಂಗಗಳು. ಮುಂದಿನ ರೆಕ್ಕೆ ಎಲೆಯಂತೆ, ಸರಿದರೆ ಒಳಗೆ ಕಿತ್ತಳೆ ಬಣ್ಣ. ಬೇರೆ ಪತಂಗಗಳು ಒಡೆದ ಹಣ್ಣಿಗೆ ಕಾಯಬೇಕು, ಇವುಗಳ ಸೊಂಡಿಲು ಗಟ್ಟಿ. ಕಿತ್ತಳೆ ಸಿಪ್ಪೆಯನ್ನೂ ತೂತು ಮಾಡಬಲ್ಲವು.

"ಓಹೋ, ನಮ್ಮ ಮೋಸಂಬಿ ತೂತು ಮಾಡಿದವರು ಇವರೇಯಾ!" ಅಂದರು ಭಾವ. ಆದರೂ ಟಾರ್ಚ್ ಹಿಡಿದು ಹುಡುಗಿಗೆ ಫೋಟೋ ತೆಗೆಯಲು ಅನುಕೂಲ ಮಾಡಿಕೊಟ್ಟರು.

ಮಾರನೇ ದಿನ ರಾಶಿ ಗೊಬ್ಬರ ಗುಂಡಿಗೆ ಹೋಗಬೇಕಿತ್ತು. ಮಗಳು ಹಾಸ್ಟೆಲಿಗೆ ಹೋಗುವವರೆಗೆ ಅಲ್ಲೇ ಇರಲಿ ಅಂದರಂತೆ ಭಾವ. ಗಾಳಿ ಮನೆ ಕಡೆ ತಿರುಗಿದಾಗೆಲ್ಲ ಅಕ್ಕ ನನಗೆ ಫೋನ್ ಮಾಡಿ ಬೈಯುತ್ತಾಳೆ.