ಬಿ. ಜಯಶ್ರೀ: ಟೆಂಟಿಗೂ ಡಬ್ಬಿಂಗ್ ಕೋಣೆಗೂ ಒಂದೇ ಗಂಟಲು

ರಂಗನಟಿ, ಗಾಯಕಿ ಬಿ. ಜಯಶ್ರೀಯವರ ಬಗ್ಗೆ ಯಾರೇ ಬರೆದರೂ ಮೊದಲ ಸಾಲಿನಲ್ಲೇ 'ಗುಬ್ಬಿ ವೀರಣ್ಣನವರ ಮೊಮ್ಮಗಳು' ಅಂತ ಬಂದುಬಿಡುತ್ತದೆ. ನಿಜವೇ. ಆದರೆ ಆ ಮಾತು ಮನೆತನದ ಹೆಗ್ಗಳಿಕೆಯಾಗಿ ಅಲ್ಲಿಗೇ ಮುಗಿದರೆ, ತಾತನ ನಾಟಕ ಕಂಪನಿ ಅವರಿಗೆ ಕೊಟ್ಟದ್ದೇನು ಅನ್ನೋದು ತಿಳಿಯುವುದೇ ಇಲ್ಲ. ಕೊಟ್ಟದ್ದು ಗಂಟಲನ್ನು. ಅದನ್ನು ಎಲ್ಲಿ ಬಿಡಬೇಕು, ಎಲ್ಲಿ ಹಿಡಿಯಬೇಕು ಅನ್ನುವ ಲೆಕ್ಕವನ್ನು.

1884ರಲ್ಲಿ ಗುಬ್ಬಿಯಲ್ಲಿ ಶುರುವಾದ ಶ್ರೀ ಚೆನ್ನಬಸವೇಶ್ವರ ನಾಟಕ ಕಂಪನಿ, ವೀರಣ್ಣನವರ ಕೈಗೆ ಬಂದ ಮೇಲೆ ಗುಬ್ಬಿ ಕಂಪನಿ ಅಂತಲೇ ಹೆಸರಾಯಿತು. ಜಯಶ್ರೀ ಹುಟ್ಟಿದ್ದು 1950ರಲ್ಲಿ, ಬೆಂಗಳೂರಿನಲ್ಲಿ. ತಾಯಿ ಜಿ.ವಿ. ಮಾಲತಮ್ಮನವರೂ ಕಂಪನಿಯ ನಟಿ. ಹಾಗಾಗಿ ಮಗು ಬಣ್ಣ ಹಚ್ಚಿದ್ದು ಯಾರೋ ಕರೆದು ಕಲಿಸಿದ್ದರಿಂದಲ್ಲ, ಅದೇ ಮನೆಯ ದಿನಚರಿ.

ಕಂಪನಿ ನಾಟಕದ ಹಾಡುಗಳು ಯಾಕೆ ಅಷ್ಟು ಏರು ಶ್ರುತಿಯಲ್ಲಿರುತ್ತವೆ ಅಂತ ಹೊಸಬರು ಕೇಳುವುದುಂಟು. ಆ ಪದ್ಧತಿ ಬೆಳೆದದ್ದು ಮೈಕು ಇಲ್ಲದ ಕಾಲದಲ್ಲಿ. ಟೆಂಟಿನ ಬಟ್ಟೆ ದನಿಯನ್ನು ಹೀರುತ್ತದೆ, ಗೋಡೆಯ ಹಾಗೆ ತಿರುಗಿಸಿ ಕಳಿಸುವುದಿಲ್ಲ. ತಗ್ಗಿನ ಸ್ವರ ನಡುವಿನ ಸಾಲುಗಳಲ್ಲೇ ಕರಗುತ್ತದೆ, ಮೇಲಿನ ಸ್ವರ ಕೊನೆಯ ಚಾಪೆಯವರೆಗೂ ಹೋಗುತ್ತದೆ. ಅದಕ್ಕೇ ಪೆಟ್ಟಿಗೆ (ಹಾರ್ಮೋನಿಯಂ) ಮಾಸ್ತರರು ಶ್ರುತಿ ಏರಿಸಿ ಹಿಡಿಯುತ್ತಿದ್ದರು, ನಟರು ಅದಕ್ಕೆ ಗಂಟಲು ಒಗ್ಗಿಸಿಕೊಳ್ಳುತ್ತಿದ್ದರು. ಜೊತೆಗೆ 'ವನ್ಸ್ ಮೋರ್' ಬೇರೆ. ಜನ ಕೂಗಿದರೆ ಅದೇ ಹಾಡನ್ನು ಮತ್ತೆ ಪಲ್ಲವಿಯಿಂದ ಹಾಡಬೇಕು. ಮೊದಲ ಸಲವೇ ಉಸಿರೆಲ್ಲ ಸುರಿದವರು ಎರಡನೇ ಸಲಕ್ಕೆ ಒಡೆದುಹೋಗುತ್ತಾರೆ.

ಮಾತಿನದು ಇನ್ನೂ ಸೂಕ್ಷ್ಮ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಇಲ್ಲ-ಅಲ್ಲ ಅನ್ನುವುದೂ ಅಲ್ಲೇ. ಉಸಿರು ತೀರುವುದೂ ಅಲ್ಲೇ. 'ನಾನು ನಿನ್ನನ್ನು ಬಿಡುವುದಿಲ್ಲ' ಅನ್ನುವ ಸಾಲಿನ ಬಾಲ ಬಿದ್ದುಹೋದರೆ ಹಿಂದೆ ಕೂತವನಿಗೆ ನಾಯಕಿ ಏನಂದಳು ಅಂತಲೇ ಗೊತ್ತಾಗುವುದಿಲ್ಲ. ಹವ್ಯಾಸಿ ತಂಡಗಳಲ್ಲಿ ಇವತ್ತಿಗೂ ಕಾಣುವ ದೊಡ್ಡ ದೋಷ ಇದು. ಜಯಶ್ರೀಯವರ ಮಾತು ಕೇಳಿ ನೋಡಿ: ಸಾಲಿನ ನಡುವೆ ದನಿ ತಗ್ಗಬಹುದು, ಪಿಸುಗುಡಬಹುದು, ಕೊನೆಯ ಅಕ್ಷರ ಮಾತ್ರ ನಿಚ್ಚಳವಾಗಿ ಬಂದು ಮುಟ್ಟುತ್ತದೆ.

ವೀರಣ್ಣನವರಿಗೆ ದೊಡ್ಡ ಹೆಸರು ತಂದ ಪಾತ್ರ 'ಸದಾರಮೆ' ನಾಟಕದ ಕಳ್ಳ. ಮುಂದೆ ಅದೇ ಕಳ್ಳನ ಪಾತ್ರವನ್ನು ಮೊಮ್ಮಗಳು ಮಾಡಿದರು. ಹೆಣ್ಣು ಗಂಡುವೇಷ ಹಾಕಿದ್ದು ಇಲ್ಲಿ ದೊಡ್ಡ ವಿಷಯವಲ್ಲ. ಕಂಪನಿ ನಾಟಕದ ಹಾಸ್ಯಗಾರನಿಗೆ ನಗಿಸುವುದರ ಜೊತೆಗೆ ಇನ್ನೊಂದು ಕೆಲಸವಿರುತ್ತಿತ್ತು. ಮುಂದೆ ಬೀದಿ ಸೀನಿನ ಪರದೆ ಇಳಿದು, ಹಿಂದೆ ಅರಮನೆಯೋ ಕಾಡೋ ಸಿದ್ಧವಾಗುವವರೆಗೆ ಜನರನ್ನು ಹಿಡಿದಿಡುವುದು. ಹಿಂದಿನ ಕೆಲಸ ಬೇಗ ಮುಗಿದರೆ ಮಾತು ಮೊಟಕು ಮಾಡಬೇಕು, ತಡವಾದರೆ ಹಿಗ್ಗಿಸಬೇಕು, ಕಥೆಯ ಎಳೆ ಮಾತ್ರ ಕೈಬಿಡಬಾರದು. ಬರೆದ ಸಾಲನ್ನು ಉರು ಹೊಡೆದವರಿಂದ ಇದು ಆಗುವುದಿಲ್ಲ. ಸಭೆಯ ನಗು ಇಳಿಯುವುದನ್ನು ಕಿವಿಯಲ್ಲೇ ಅಳೆದು, ಪೂರ್ತಿ ಆರುವ ಮೊದಲೇ ಮುಂದಿನ ಮಾತು ಎತ್ತಬೇಕು. ನಗು ಏರುತ್ತಿರುವಾಗ ಎತ್ತಿದರೆ ಮಾತು ಮುಳುಗುತ್ತದೆ, ಆರಿದ ಮೇಲೆ ಎತ್ತಿದರೆ ಸಭೆ ತಣ್ಣಗಾಗುತ್ತದೆ.

ಇಷ್ಟೆಲ್ಲ ಇದ್ದೂ ಅವರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋದರು. ಇಬ್ರಾಹಿಂ ಅಲ್ಕಾಜಿ ನಿರ್ದೇಶಕರಾಗಿದ್ದ ಕಾಲ ಅದು, 1973ರಲ್ಲಿ ಅಲ್ಲಿನ ಓದು ಮುಗಿಯಿತು. 1976ರಲ್ಲಿ ಬೆಂಗಳೂರಿನಲ್ಲಿ 'ಸ್ಪಂದನ' ತಂಡ ಕಟ್ಟಿದರು. 'ಲಕ್ಷಾಪತಿ ರಾಜನ ಕಥೆ', ಚಂದ್ರಶೇಖರ ಕಂಬಾರರ 'ಕರಿಮಾಯಿ' ಇವೆಲ್ಲ ಆ ತಂಡದ ನಾಟಕಗಳು. ಆಧುನಿಕ ರಂಗಭೂಮಿಯಲ್ಲಿ ಹಾಡು ಅಂದರೆ ಮೇಳದವರು ಪಕ್ಕದಲ್ಲಿ ಕೂತು ಹಾಡುವುದು ಅಂತಾಗುತ್ತಿದ್ದ ಹೊತ್ತಿನಲ್ಲಿ, ನಟರೇ ಕುಣಿಯುತ್ತ ಹಾಡುವ ಕಂಪನಿಯ ಅಭ್ಯಾಸವನ್ನು ಜನಪದ ಧಾಟಿಗೆ ಸೇರಿಸಿದ್ದು ಅವರ ದೊಡ್ಡ ಕೆಲಸ ಅಂತ ನನ್ನ ಎಣಿಕೆ. ಇದಕ್ಕೆ ತಾಲೀಮಿನ ಕ್ರಮವೇ ಬೇರೆ. ಹಾಡು ಕೂತು ಕಲಿತು, ಹೆಜ್ಜೆ ಬೇರೆಯಾಗಿ ಕಲಿತು, ಕೊನೆಗೆ ಎರಡನ್ನೂ ಕೂಡಿಸಿದರೆ ಉಸಿರು ಕೈಕೊಡುತ್ತದೆ. ಯಾವ ಹೆಜ್ಜೆಗೆ ಉಸಿರು ತೆಗೆದುಕೊಳ್ಳಬೇಕು ಅನ್ನುವುದು ಮೊದಲ ದಿನದಿಂದಲೇ ಕೂಡಿ ಬರಬೇಕು.

ಸಿನಿಮಾದಲ್ಲಿ ಅವರ ಮುಖಕ್ಕಿಂತ ದನಿಯನ್ನು ಕೇಳಿದವರೇ ಹೆಚ್ಚು. ಮಾಧವಿ, ಜಯಪ್ರದಾ, ಅಂಬಿಕಾ, ಸುಮಲತಾ ಮೊದಲಾದ ನಾಯಕಿಯರಿಗೆ ಕನ್ನಡದಲ್ಲಿ ಕಂಠದಾನ ಮಾಡಿದವರು ಅವರು. ಆಗಿನ ಡಬ್ಬಿಂಗ್ ನಡೆಯುತ್ತಿದ್ದದ್ದು ಲೂಪಿನಲ್ಲಿ. ದೃಶ್ಯದ ಫಿಲಂ ತುಂಡರಿಸಿ, ಎರಡು ತುದಿ ಅಂಟಿಸಿ, ಬಳೆಯಂತೆ ಮಾಡಿ ಪ್ರೊಜೆಕ್ಟರಿಗೆ ಹಾಕುವುದು. ಅದೇ ಮಾತು ಮತ್ತೆ ಮತ್ತೆ ತೆರೆಯ ಮೇಲೆ ಬರುತ್ತದೆ. 20 ಸೆಕೆಂಡಿನ ಮಾತಿಗೆ, ಸೆಕೆಂಡಿಗೆ 24 ಫ್ರೇಮಿನಂತೆ, 480 ಫ್ರೇಮು. 35 ಎಂಎಂನಲ್ಲಿ ಅದು 30 ಅಡಿ. ಮೊದಲೆರಡು ಸುತ್ತು ಬಾಯಿ ತೆರೆಯದೆ ಪೈಲಟ್ ಟ್ರ್ಯಾಕ್ (ಚಿತ್ರೀಕರಣದ ಹೊತ್ತಿನಲ್ಲಿ ಹಿಡಿದ ದನಿ) ಕೇಳಿ ನಟಿ ಎಲ್ಲಿ ಉಸಿರು ತೆಗೆದಿದ್ದಾಳೆ ಅಂತ ನೋಡಿಕೊಳ್ಳಬೇಕು. ಆಮೇಲೆ ತುಟಿ. ಪ, ಬ, ಮ ಬಂದಾಗ ತೆರೆಯ ಮೇಲಿನ ತುಟಿ ಮುಚ್ಚಿರಲೇಬೇಕು. ಉಳಿದ ಅಕ್ಷರ ಒಂದು ಫ್ರೇಮು ಆಚೀಚೆಯಾದರೂ ಕಣ್ಣು ಸಹಿಸುತ್ತದೆ, 'ಅಮ್ಮ' ಅನ್ನುವಾಗ ಬಾಯಿ ತೆರೆದಿದ್ದರೆ ಸಹಿಸುವುದಿಲ್ಲ.

ನಿಜವಾದ ಕಷ್ಟ ಮುಂದಿದೆ. ತೆಲುಗು, ಮಲಯಾಳ ಮನೆಮಾತಿನ ನಟಿ ಕನ್ನಡದ ಸಾಲನ್ನು ಕಂಠಪಾಠ ಮಾಡಿ ಹೇಳುವಾಗ ನಿಲುಗಡೆ ತಪ್ಪಾದ ಕಡೆ ಬೀಳುತ್ತದೆ. ಪದದ ನಡುವೆ ಉಸಿರು, ಒತ್ತು ಬೇಡದ ಕಡೆ ಒತ್ತು. ತುಟಿಯನ್ನು ಬದಲಿಸುವಂತಿಲ್ಲ. ಆ ತಪ್ಪು ನಿಲುಗಡೆಯಲ್ಲಿ ಒಂದು ಬಿಕ್ಕು, ಒಂದು ನಿಟ್ಟುಸಿರು, ಒಂದು 'ಹೂಂ' ಸೇರಿಸಿ, ಅಲ್ಲಿ ನಿಂತದ್ದಕ್ಕೆ ಕಾರಣ ಹುಟ್ಟಿಸಬೇಕು. ಅದು ನಟನೆಯೇ. ರಂಗದ ಗಂಟಲಿಗೆ ಇನ್ನೊಂದು ಅಪಾಯವೂ ಇದೆ: ಕೊನೆಯ ಸಾಲಿಗೆ ಮುಟ್ಟಿಸುವ ರೂಢಿಯಲ್ಲಿ ಮಾತಾಡಿದರೆ ದನಿ ತೆರೆಯ ಮೇಲಿನ ಮೈಗಿಂತ ದೊಡ್ಡದಾಗಿ ಕೇಳುತ್ತದೆ. ಕೂಗಬೇಕಾದಾಗ ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿಯಬೇಕು, ಪಿಸುಮಾತಿಗೆ ಹತ್ತಿರ ಬರಬೇಕು, 'ಪ' ಸಿಡಿಯದಂತೆ ಬಾಯಿಯನ್ನು ತುಸು ಓರೆ ಹಿಡಿಯಬೇಕು. ಹೆಸರು ತೆರೆಯ ಮೇಲೆ ಬರಲಿ ಬಾರದಿರಲಿ, ಇಷ್ಟು ನಾಯಕಿಯರಿಗೆ ಮಾತು ಕೊಟ್ಟವರನ್ನು ನಮ್ಮ ಚಿತ್ರರಂಗದ ಚರಿತ್ರೆ ಅಡಿಟಿಪ್ಪಣಿಯಲ್ಲಿ ಇಟ್ಟಿರುವುದು ಸರಿಯಲ್ಲ.

ಮುಖವೂ ದನಿಯೂ ಕೂಡಿ ಸಿಕ್ಕಿದ್ದು 1997ರ 'ನಾಗಮಂಡಲ'ದಲ್ಲಿ. ಗಿರೀಶ ಕಾರ್ನಾಡರ ನಾಟಕ, ಟಿ.ಎಸ್. ನಾಗಾಭರಣರ ಚಿತ್ರ. ಜಯಶ್ರೀ ಕುರುಡವ್ವ, ಮಂಡ್ಯ ರಮೇಶ್ ಮಗ ಕಪ್ಪಣ್ಣ. ಕುರುಡರ ಪಾತ್ರದಲ್ಲಿ ನಟರು ಎಡವುವುದು ಕಣ್ಣಿನಲ್ಲಿ. ರೆಪ್ಪೆ ಮಿಟುಕಿಸದೆ ಶೂನ್ಯ ನೋಡುವುದೇ ಕುರುಡು ಅಂದುಕೊಳ್ಳುತ್ತಾರೆ. ಕಣ್ಣಿಲ್ಲದವರು ಮಾತು ಬಂದ ಕಡೆಗೆ ತಿರುಗಿಸುವುದು ಮುಖವನ್ನಲ್ಲ, ಕಿವಿಯನ್ನು. ತಲೆ ತುಸು ಓರೆಯಾಗುತ್ತದೆ, ಕೈ ಮಾತಿಗಿಂತ ಮುಂಚೆ ಹೋಗಿ ಎದುರಿನವರನ್ನು ಮುಟ್ಟುತ್ತದೆ. ಕಥೆಯ ನಾಯಕಿ ರಾಣಿಯನ್ನು ಕುರುಡವ್ವ ಅರಿಯುವುದು ಹಾಗೆಯೇ, ಕಿವಿ ಮತ್ತು ಬೆರಳುಗಳಿಂದ. ಗಂಡನನ್ನು ಒಲಿಸಿಕೊಳ್ಳುವ ಬೇರು ಕೊಡುವ ಮುದುಕಿಯಲ್ಲಿ ಅಕ್ಕರೆಯೂ ಇರಬೇಕು, ಚೇಷ್ಟೆಯೂ ಇರಬೇಕು. ಅದರ ಮೇಲೆ ಉತ್ತರ ಕರ್ನಾಟಕದ ಆಡುಮಾತು. ಬೆಂಗಳೂರಿನಲ್ಲಿ ಹುಟ್ಟಿದ ನಟಿಗೆ ಅದು ಕಲಿತ ಭಾಷೆ, ಕೇಳಿದರೆ ಹಾಗನ್ನಿಸುವುದಿಲ್ಲ.

2001ರ 'ನನ್ನ ಪ್ರೀತಿಯ ಹುಡುಗಿ' ಚಿತ್ರಕ್ಕೆ ಅವರು ಹಾಡಿದ 'ಕಾರ್ ಕಾರ್' ಹಾಡಂತೂ ಎಲ್ಲರಿಗೂ ಗೊತ್ತು. 1996ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, ಕೆಲಕಾಲ ಮೈಸೂರಿನ ರಂಗಾಯಣದ ನಿರ್ದೇಶಕತ್ವ, 2010ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನ, 2013ರಲ್ಲಿ ಪದ್ಮಶ್ರೀ. ತಾತನಿಗೆ ಅದೇ ಪದ್ಮಶ್ರೀ ಬಂದದ್ದು 1972ರಲ್ಲಿ.

ರಂಗಗೀತೆ ಕಲಿಯುತ್ತಿರುವ ಹುಡುಗ ಹುಡುಗಿಯರು ಅವರ ಹಾಡಿಕೆಯ ಮುದ್ರಿಕೆಗಳನ್ನು ಸುಮ್ಮನೆ ಅನುಕರಿಸಬೇಡಿ. ಏರು ಶ್ರುತಿಯನ್ನು ಗಂಟಲಿನಿಂದ ಹಿಂಡಿ ತೆಗೆದರೆ ವಾರದಲ್ಲಿ ದನಿ ಕಟ್ಟುತ್ತದೆ. ನಿಮ್ಮ ಮಟ್ಟಕ್ಕಿಂತ ಎರಡು ಮನೆ (ಹಾರ್ಮೋನಿಯಂನ ಕೀಲಿ) ಕೆಳಗೆ ಪೆಟ್ಟಿಗೆ ಹಿಡಿದು ಶುರು ಮಾಡಿ, ಪದದ ಕೊನೆಯ ಅಕ್ಷರ ಬೀಳದಂತೆ ಹಾಡಿ, ಅದು ಕೂತ ಮೇಲೆ ಒಂದೊಂದೇ ಮನೆ ಏರಿಸಿ. ಪೂರ್ತಿ ಶ್ರುತಿಗೆ ಬಂದ ಮೇಲೆ ಎದ್ದು ನಿಂತು, ನಡೆಯುತ್ತ ಹಾಡಿ ನೋಡಿ.